ಗೊತ್ತಿದ್ದವಳು

ನಮ್ಮ ಶಾಲೆಯಲ್ಲಿ ಗಣಿತ ಕಲಿಸುವ ಹುಡುಗಿಯೊಬ್ಬಳಿದ್ದಾಳೆ. ಮದುವೆಯಾಗಿ ಎರಡು ವರ್ಷ. ಕಾದಂಬರಿ ಓದುವ ಹುಚ್ಚು ಆಕೆಗೆ ತಡವಾಗಿ ಹತ್ತಿದೆ. ನನ್ನ ಮನೆಯ ಕಪಾಟಿನಿಂದ ವಾರಕ್ಕೊಂದು ಪುಸ್ತಕ ಒಯ್ಯುತ್ತಾಳೆ, ಹೇಳಿದ ದಿನಕ್ಕೆ ತಪ್ಪದೆ ತಂದುಕೊಡುತ್ತಾಳೆ. ಹೋದ ತಿಂಗಳು ಮಾಸ್ತಿಯವರ 'ಚನ್ನಬಸವನಾಯಕ' ಒಯ್ದಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಬಿಚ್ಚುತ್ತಾ ಕೇಳಿದಳು, "ಮೇಡಂ, ಈ ರಾಣಿ ವೀರಮ್ಮಾಜಿ ಖರೇನ ಹಂಗ ಮಾಡಿದ್ಳೇನ್ರೀ? ಇಲ್ಲಾ ಬರದವ್ರು ಹಂಗ ಬರದಾರೇನ್ರೀ?"

ಮೂವತ್ತು ವರ್ಷ ಪಾಠ ಹೇಳಿದ ನನಗೆ ಉತ್ತರ ಹೇಳುವುದು ಕಷ್ಟವಲ್ಲ. ಆದರೆ ಆ ದಿನ ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. ಅವಳು ಕೇಳಿದ್ದು ಬಿದನೂರಿನ ರಾಣಿಯ ಬಗ್ಗೆ. ನನಗೆ ನೆನಪಾದದ್ದು ದೇವದುರ್ಗದ ನನ್ನ ಅಕ್ಕ. "ಇನ್ನೊಮ್ಮೆ ಹೇಳತೀನಿ ತಾಯಿ" ಎಂದು ಮಾತು ಮರೆಸಿದೆ. ಆ 'ಇನ್ನೊಮ್ಮೆ'ಯೇ ಈ ಬರಹ.

ಮೊದಲು ರಾಣಿಯ ವಿಷಯ ಹೇಳಿಬಿಡುತ್ತೇನೆ. ಕೆಳದಿಯ ದೊರೆ ಬಸಪ್ಪನಾಯಕ 1755ರಲ್ಲಿ ತೀರಿಕೊಂಡ. ದತ್ತುಮಗ ಚನ್ನಬಸವನಾಯಕ ಪಟ್ಟಕ್ಕೆ ಬಂದ, ಆಡಳಿತದಲ್ಲಿ ರಾಣಿ ವೀರಮ್ಮಾಜಿಯ ಕೈ ಇತ್ತು. ಆಕೆಗೂ ನಿಂಬಯ್ಯನೆಂಬುವನಿಗೂ ಸಂಬಂಧವಿತ್ತು, ಹುಡುಗ ಅದನ್ನು ಸಹಿಸಲಿಲ್ಲ, ಅದಕ್ಕೇ ಅವನನ್ನು ಕೊಲ್ಲಿಸಿದರು ಎಂಬುದು ಕಥೆ. 1757ರ ಹೊತ್ತಿಗೆ ಆ ಹುಡುಗ ಇರಲಿಲ್ಲ, ಇನ್ನೊಬ್ಬ ಬಾಲಕ ದತ್ತು ಬಂದಿದ್ದ ಎಂಬುದು ಇತಿಹಾಸ. ಕಥೆಗೂ ಇತಿಹಾಸಕ್ಕೂ ನಡುವೆ ಇರುವ ಜಾಗ ಎಷ್ಟು ಸಣ್ಣದು, ಎಷ್ಟು ಆಳದ್ದು ನೋಡಿ! 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ನಾನೇ ಆ ಸತ್ತುಹೋದ ಚನ್ನಬಸವನಾಯಕ, ಸತ್ತಿಲ್ಲ, ಬದುಕಿದ್ದೇನೆ ಎಂದು ಹೇಳಿಕೊಂಡ ಒಬ್ಬ ಅವನ ಬಳಿಗೆ ಬಂದಿದ್ದ. ಕೆಟ್ಟ ರಾಣಿ, ಅನ್ಯಾಯಕ್ಕೊಳಗಾದ ಹುಡುಗ: ದಂಡೆತ್ತಿ ಹೋಗುವವನಿಗೆ ಇದಕ್ಕಿಂತ ಒಳ್ಳೆಯ ನೆಪ ಇನ್ನೇನು ಬೇಕು? ರಾಣಿಯನ್ನು ಮಧುಗಿರಿಯ ಕೋಟೆಯಲ್ಲಿಟ್ಟರು. 1767ರಲ್ಲಿ ಮರಾಠರು ಬಿಡಿಸಿದರು. ಪುಣೆಯ ದಾರಿಯಲ್ಲಿ ಆಕೆ ತೀರಿಕೊಂಡಳು. ಆಕೆಯ ಬಾಯಿಂದ ಬಂದ ಒಂದು ಮಾತೂ ನಮಗೆ ಉಳಿದಿಲ್ಲ. ಕರ್ನಲ್ ವಿಲ್ಕ್ಸ್ ಎಂಬ ಇಂಗ್ಲಿಷರವನು 1810ರಲ್ಲಿ ಅಚ್ಚಿಗೆ ಕೊಟ್ಟ ಮೈಸೂರು ಚರಿತ್ರೆಯಲ್ಲಿ ಈ ಸಂಬಂಧ, ಈ ಕೊಲೆ ಎಲ್ಲವೂ ಇದೆ. ಅಂದರೆ ಅರ್ಧ ಶತಮಾನದ ನಂತರ.

ಹಾಗಾದರೆ ಮಾಸ್ತಿಯವರು ತಪ್ಪು ಮಾಡಿದರೆ? ನಾನು ಹಾಗೆನ್ನಲಾರೆ. ಚರಿತ್ರೆಯ ಪುಸ್ತಕ ಒಂದೇ ಸಾಲಿನಲ್ಲಿ 'ದುರ್ನಡತೆ' ಎಂದು ಬರೆದು ಮುಂದೆ ಹೋದ ಕಡೆ ಕಾದಂಬರಿಕಾರ ನಿಲ್ಲುತ್ತಾನೆ. ವಯಸ್ಸಿದ್ದ ವಿಧವೆ, ಅರಮನೆಯ ಏಕಾಂತ, ಸುತ್ತ ಕಾಯುವ ಕಣ್ಣುಗಳು, ಇವನ್ನೆಲ್ಲ ಬಿಡಿಸಿ ನೋಡುತ್ತಾನೆ. ನೋಡುವ ಹಕ್ಕು ಅವನಿಗಿದೆ. ಆದರೆ ಓದುವ ನಮಗೂ ಒಂದು ಜವಾಬ್ದಾರಿ ಇದೆ. ಕಾದಂಬರಿ ಮುಚ್ಚಿಟ್ಟ ಮೇಲೆ 'ಅವಳು ಅಂಥವಳೇ' ಎಂದು ತೀರ್ಪು ಕೊಡುವ ಮೊದಲು, ಇದನ್ನು ಯಾರು ಯಾರಿಗೆ ಹೇಳಿದರು ಎಂದು ಕೇಳಿಕೊಳ್ಳಬೇಕು.

ಅರಮನೆಯ ಗುಟ್ಟು ಹೊರಬರಬೇಕಾದರೆ ಯಾರಿಗಾದರೂ ಗೊತ್ತಿರಲೇಬೇಕಲ್ಲ? ಬಾಗಿಲು ಕಾಯುವವಳಿಗೆ, ಹಾಸಿಗೆ ಹಾಸುವವಳಿಗೆ, ನೀರು ಕಾಸುವವಳಿಗೆ. ನಾನು ಬಿ.ಎ. ಓದುವಾಗ ಐಚ್ಛಿಕ ಕನ್ನಡದಲ್ಲಿ ಜನ್ನನ 'ಯಶೋಧರ ಚರಿತೆ'ಯ ಭಾಗವಿತ್ತು. ಹೊಯ್ಸಳರ ಕಾಲದ ಕವಿ, 1209ರಲ್ಲಿ ಬರೆದದ್ದು. ಮುನ್ನೂರಕ್ಕೆ ಸ್ವಲ್ಪ ಹೆಚ್ಚು ಪದ್ಯಗಳ ಸಣ್ಣ ಕಾವ್ಯ. ಅದರಲ್ಲಿ ರಾಣಿ ಅಮೃತಮತಿ ಬೆಳಗಿನ ಜಾವ ಆನೆಲಾಯದಿಂದ ಬಂದ ಹಾಡು ಕೇಳಿ ಮನಸೋಲುತ್ತಾಳೆ. ಹಾಡಿದವನು ಯಾರೆಂದು ನೋಡಿಬರಲು ಆಪ್ತಳೊಬ್ಬಳನ್ನು ಕಳಿಸುತ್ತಾಳೆ. ಅವಳು ಹೋಗಿ ನೋಡಿದರೆ ಅವನು ಅಷ್ಟಾವಂಕ ಎಂಬ ಕುರೂಪಿ ಮಾವುತ. ಹೇಸಿಕೊಂಡು ಬಂದು ಹೇಳುತ್ತಾಳೆ. ರಾಣಿ ಕೇಳುವುದಿಲ್ಲ. ಉಪನ್ಯಾಸಕರು ರಾಜನ ಔದಾರ್ಯ, ರಾಣಿಯ ಪತನ, ವಿಧಿಯ ಆಟ ಎಲ್ಲವನ್ನೂ ಚೆನ್ನಾಗಿ ವಿವರಿಸಿದರು. ಆಗ ನನಗೆ ಹೊಳೆಯದ ಪ್ರಶ್ನೆ ಎಷ್ಟೋ ವರ್ಷಗಳ ನಂತರ ಕಾಡಿತು. ಆ ಆಪ್ತಳು ಏನು ಮಾಡಬೇಕಿತ್ತು? ರಾಜನ ಅನ್ನ ಉಂಡವಳು, ರಾಣಿಯ ನಂಬಿಕೆಯವಳು. ಹೇಳಿದರೆ ಒಂದು ದ್ರೋಹ, ಹೇಳದಿದ್ದರೆ ಇನ್ನೊಂದು. ಕಾವ್ಯ ಅವಳ ಮನಸ್ಸಿನೊಳಗೆ ಇಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಅವಳನ್ನು ಬಿಟ್ಟು ಮುಂದೆ ಹೋಗುತ್ತದೆ.

ನಾನು ಆ ಆಪ್ತಳ ಜಾಗದಲ್ಲಿ ಆರು ವರ್ಷ ನಿಂತಿದ್ದೆ.

ನನ್ನ ತವರು ದೇವದುರ್ಗ. ಚಿಕ್ಕಮ್ಮನ ಮಗಳು, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಅದೇ ಊರಿಗೆ ಮದುವೆಯಾಗಿದ್ದಳು. ನನಗೆ ಒಡಹುಟ್ಟಿದ ಅಕ್ಕ ಇಲ್ಲ, ಇವಳೇ ಅಕ್ಕ. ನನ್ನ ತಲೆ ಹಿಕ್ಕಿ ಹೆಣಲು ಹಾಕಿದವಳು, ಬಿ.ಎಡ್. ಫೀಸು ಕಟ್ಟಲು ಅಪ್ಪನ ಹತ್ತಿರ ಹಣ ಸಾಲದೆ ಇದ್ದಾಗ ಗಂಡನಿಗೆ ಹೇಳಿ ಕೊಡಿಸಿದವಳು. ಮಾಮಾನದು ಹತ್ತಿ ವ್ಯವಹಾರ. ಹಂಗಾಮಿನಲ್ಲಿ ವಾರಗಟ್ಟಲೆ ಊರೂರು ತಿರುಗುತ್ತಿದ್ದ. ನಗುನಗುತ್ತಾ ಮಾತಾಡುವ ಮನುಷ್ಯ. ಬರುವಾಗ ಮಕ್ಕಳಿಗೆ ಬೆಂಡು ಬೆತ್ತಾಸು ತಪ್ಪಿಸುತ್ತಿರಲಿಲ್ಲ.

1994ರಲ್ಲಿ ನನಗೆ ಮಾನ್ವಿಯ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಜಗನ್ನಾಥದಾಸರ ಊರು. ಅವರ ಗುಡಿಯ ಹತ್ತಿರದ ಓಣಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆ. ಜೂನ್ ತಿಂಗಳು. ಒಂದನೇ ಇಯತ್ತೆಗೆ ದಾಖಲಾತಿ ನಡೆದಿತ್ತು. ಹೊಸಬಳಾದ್ದರಿಂದ ರಿಜಿಸ್ಟರ್ ಬರೆಯುವ ಕೆಲಸ ನನಗೆ. ಮಗುವಿನ ಹೆಸರು, ಹುಟ್ಟಿದ ತಾರೀಖು, ತಂದೆಯ ಹೆಸರು, ಉದ್ಯೋಗ. ತಲೆ ಬಗ್ಗಿಸಿ ಬರೆಯುತ್ತಲೇ ಕೇಳುತ್ತಿದ್ದೆ. ಎರಡು ಜಡೆ ಹಾಕಿದ ಒಂದು ಪುಟ್ಟ ಹುಡುಗಿ ಬಂದು ನಿಂತಿತು. ಹೆಸರು ಬರೆದೆ. "ತಂದೆ ಹೆಸರು?" ಎಂದೆ. ಉತ್ತರ ಬರಲಿಲ್ಲ. ತಲೆ ಎತ್ತಿದೆ. ಹುಡುಗಿಯ ಹಿಂದೆ ಮಾಮಾ ನಿಂತಿದ್ದ.

ಅವನ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಹುಡುಗಿಯೇ ಮುಂದೆ ಬಂದು ತಂದೆಯ ಹೆಸರನ್ನು ಸ್ಪಷ್ಟವಾಗಿ, ಪಾಠ ಒಪ್ಪಿಸುವಂತೆ ಹೇಳಿತು. ಹಿಂದೆ ಸಾಲು ನಿಂತಿತ್ತು. ನಾನು ಬರೆದೆ. ಉದ್ಯೋಗ: ವ್ಯಾಪಾರ. ಅವನು ಸಹಿ ಹಾಕಿ ಹೋದ. ಸಂಜೆ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, "ನಿಮ್ಮ ಅಕ್ಕಗ ಹೇಳಬ್ಯಾಡವಾ. ಅಕಿ ಸಾಯ್ತಾಳ" ಎಂದಷ್ಟೇ ಹೇಳಿದ.

ನಾನು ಹೇಳಲಿಲ್ಲ. ಅವ್ವನಿಗೆ ಮಾತ್ರ ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮುಚ್ಚಿದ ಗಡಿಗಿ ಮುಚ್ಚಿದಂಗ ಇರಲಿ" ಎಂದಳು. ಆ ಮಾತು ನನಗೆ ಅನುಕೂಲವಾಗಿತ್ತು. ಅನುಕೂಲವಾದದ್ದನ್ನು ನಾವು ಎಷ್ಟು ಬೇಗ ಧರ್ಮವೆಂದು ಕರೆದುಬಿಡುತ್ತೇವೆ! ಅಕ್ಕನ ಸಂಸಾರ ಉಳಿಸುತ್ತಿದ್ದೇನೆ ಎಂದುಕೊಂಡೆ. ಆ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರು ಉಳಿಸುತ್ತಿದ್ದೇನೆ ಎಂದುಕೊಂಡೆ. ಪ್ರತಿ ಎಳ್ಳಮಾವಾಸ್ಯೆಗೆ ಅಕ್ಕನ ಹೊಲಕ್ಕೆ ಚರಗಕ್ಕೆ ಹೋಗಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಬಂದೆ. ಮಾಮಾ ನನ್ನ ಎಲೆಗೆ ತಾನೇ ಹೋಳಿಗೆ ಬಡಿಸುತ್ತಿದ್ದ. ಆ ಹುಡುಗಿ ನನ್ನ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂತು ಕಾಗುಣಿತ ಒಪ್ಪಿಸುತ್ತಿತ್ತು. ಜಾಣೆ. ಅಕ್ಷರ ಮುತ್ತಿನಂತೆ.

2000ದಲ್ಲಿ ಮಾಮಾ ಒಂದೇ ದಿನದ ಎದೆನೋವಿನಲ್ಲಿ ಹೋದ. ಮೂರನೇ ದಿನ, ಅಂಗಳದ ತುಂಬ ಜನ ಇದ್ದಾಗ, ಆ ಹೆಂಗಸು ಮಗಳ ಕೈ ಹಿಡಿದು ಬಾಗಿಲಿಗೆ ಬಂದು ನಿಂತಳು. ಯಾರೂ ಮಾತಾಡಲಿಲ್ಲ. ಗುರುತಿಲ್ಲದ ಅಷ್ಟು ಮುಖಗಳ ನಡುವೆ ಹುಡುಗಿ ಹೆದರಿ ಸುತ್ತ ನೋಡಿತು. ನನ್ನನ್ನು ಕಂಡಿತು. "ಅಕ್ಕೋರೆ" ಎಂದು ಕೂಗಿ ಓಡಿಬಂದು ನನ್ನ ಸೆರಗು ಹಿಡಿದುಕೊಂಡಿತು.

ಅಕ್ಕ ಆ ಹೆಂಗಸನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು.

ಒಂದು ವಾರ ಕಳೆದ ಮೇಲೆ ಕೇಳಿದಳು, "ಯಾವಾಗಿಂದ ಗೊತ್ತಿತ್ತು ನಿನಗ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಅವಳು ಅಳಲಿಲ್ಲ. "ಅಂವ ಗಂಡಸು, ಬಿಡು. ನೀ ನನ್ನ ತಂಗಿ" ಎಂದಳು. ಆಮೇಲೆ ಲೆಕ್ಕ ಹೇಳಿದಳು. ಮಳಿಗೆಗೆ ಸಾಲ ಆಗಿದೆ ಎಂದು 1996ರಲ್ಲಿ ಅವನು ಕೇಳಿದಾಗ ತವರಿನಿಂದ ಬಂದ ಪಾಟ್ಲಿ, ಬೋರಮಾಳ ಬಿಚ್ಚಿಕೊಟ್ಟಿದ್ದಳು. ಮಾರನೇ ವರ್ಷ ತನ್ನ ಹೆಸರಿನಲ್ಲಿದ್ದ ಜಾಗದ ಕಾಗದಕ್ಕೆ ಸಹಿ ಹಾಕಿದ್ದಳು. "ನಿನಗ ಗೊತ್ತಿದ್ದದ್ದು ನನಗ ಗೊತ್ತಿದ್ರ ನಾ ಸಹಿ ಹಾಕ್ತಿರಲಿಲ್ಲ. ಇಲ್ಲಾ, ಹಾಕ್ತಿದ್ನೇನೋ. ಆದ್ರ ತಿಳಿದು ಹಾಕ್ತಿದ್ದೆ." ಐದು ವರ್ಷ ಅವಳು ನನ್ನ ಜೊತೆ ಮಾತು ಬಿಟ್ಟಳು.

ಆ ಐದು ವರ್ಷ ನಾನು ಓದಿದ ಪ್ರತಿ ಐತಿಹಾಸಿಕ ಕಾದಂಬರಿಯಲ್ಲೂ ರಾಣಿಯನ್ನು ಬಿಟ್ಟು ದಾಸಿಯನ್ನು ಹುಡುಕುತ್ತಿದ್ದೆ. 'ಯಶೋಧರ ಚರಿತೆ'ಯನ್ನೂ ಮತ್ತೆ ತೆಗೆದೆ. ಈ ಸಲ ಅದು ಬೇರೆಯದೇ ಕಾವ್ಯವಾಗಿ ಕಂಡಿತು.

ಜನ್ನನ ರಾಜ ಎಲ್ಲವನ್ನೂ ಕಣ್ಣಾರೆ ನೋಡುತ್ತಾನೆ. ತಡವಾಗಿ ಬಂದಳೆಂದು ಮಾವುತ ರಾಣಿಯನ್ನು ಹೊಡೆಯುವುದನ್ನೂ, ಅವಳು ಅವನ ಕಾಲು ಹಿಡಿಯುವುದನ್ನೂ ನೋಡುತ್ತಾನೆ. ಕತ್ತಿ ಎತ್ತುತ್ತಾನೆ, ತಡೆದುಕೊಳ್ಳುತ್ತಾನೆ. ಇದೇ ಅವನ ಔದಾರ್ಯ ಎಂದು ನಮಗೆ ಪಾಠ ಹೇಳಿದ್ದರು. ಆದರೆ ಮುಂದೆ ನೋಡಿ. ಮರುದಿನ ನೈದಿಲೆ ಹೂವಿನಿಂದ ಅವಳನ್ನು ಮೆಲ್ಲನೆ ಹೊಡೆದು, ಅವಳು ಮೂರ್ಛೆಯ ನಟನೆ ಮಾಡಿದಾಗ ಚುಚ್ಚುಮಾತು ಆಡುತ್ತಾನೆ. ತನಗೆ ಗೊತ್ತಿದೆ ಎಂದು ನೇರ ಹೇಳುವುದಿಲ್ಲ. ತಾಯಿ ಚಂದ್ರಮತಿ ಮಗನ ಬಾಡಿದ ಮುಖ ನೋಡಿ ಕೇಳಿದರೆ ಅಲ್ಲಿಯೂ ನಿಜ ಹೇಳುವುದಿಲ್ಲ. ಹಂಸವೊಂದು ತಾವರೆಯ ಕೊಳ ಬಿಟ್ಟು ಹೊಲಸು ನೀರಿನಲ್ಲಿ ಆಡುವ ಕನಸು ಕಂಡೆ ಎಂದು ಸುಳ್ಳು ಕಟ್ಟುತ್ತಾನೆ. ತಾಯಿ ಕನಸನ್ನೇ ನಿಜವೆಂದು ನಂಬಿ, ದೋಷ ಕಳೆಯಲು ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವಬಲಿ ಒಲ್ಲದ ಮಗ ಹಿಟ್ಟಿನ ಹುಂಜಕ್ಕೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ. ಇತ್ತ ಗುಟ್ಟು ಬಯಲಾಯಿತೆಂದು ತಿಳಿದ ರಾಣಿ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ.

ಜನ್ನ ಹೇಳಬಯಸಿದ್ದು ಸಂಕಲ್ಪ ಹಿಂಸೆಯ ಪಾಪವನ್ನು. ಹಿಟ್ಟಿನದಾದರೂ ಕೊಂದೆನೆಂಬ ಭಾವನೆ ಕೊಲೆಯೇ ಎಂಬ ಜೈನ ತತ್ವವನ್ನು. ಆದರೆ ನನಗೆ ಕಂಡದ್ದು ಇದು: ಮೂವರ ನಡುವೆ ಎರಡು ಗುಟ್ಟುಗಳಿವೆ. ಒಂದು ರಾಣಿಯದು, ಒಂದು ರಾಜನದು. ಕಾವ್ಯ ಮೊದಲನೆಯದನ್ನು ಮಾತ್ರ ದ್ರೋಹವೆಂದು ಕರೆಯುತ್ತದೆ. ರಾಜ ತಾಯಿಗೆ ಕನಸಿನ ಕಥೆ ಹೇಳದೆ ನಿಜ ಹೇಳಿದ್ದರೆ ಬಲಿಯ ಮಾತೇ ಬರುತ್ತಿರಲಿಲ್ಲ. ಪಾಪ, ಆ ಮುದುಕಿ ಸುಳ್ಳು ಕನಸಿನ ಮೇಲೆ ನಿರ್ಧಾರ ಮಾಡಿದಳು, ಅದರ ಫಲವನ್ನು ಮಗನ ಜೊತೆ ಉಂಡಳು. ನನ್ನ ಅಕ್ಕ ಸುಳ್ಳು ಸಾಲದ ಮೇಲೆ ನಿರ್ಧಾರ ಮಾಡಿದಂತೆ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ತೆಗೆದುಕೊಂಡು 'ಹಿಟ್ಟಿನ ಹುಂಜ' ಬರೆದಾಗ ರಾಣಿಗೂ ಮಾತು ಕೊಟ್ಟರು. ಏಳುನೂರಕ್ಕೂ ಹೆಚ್ಚು ವರ್ಷ ಕಾದಿದ್ದಳು ಆಕೆ, ತನ್ನ ಮಾತು ತಾನು ಆಡಲು.

ದ್ರೋಹ ಎಂಬ ಶಬ್ದವನ್ನು ನಾವು ಹೆಣ್ಣಿನ ಹಾಸಿಗೆಗೆ ಮಾತ್ರ ಕಟ್ಟಿಹಾಕಿದ್ದೇವೆ. ಶಾಂತಲೆಯ ಕಥೆ ನಿಮಗೆಲ್ಲ ಗೊತ್ತು. ಕೆ.ವಿ. ಅಯ್ಯರ್ ಬರೆದರು, ಸಿ.ಕೆ. ನಾಗರಾಜರಾಯರು ಬರೆದರು, ನಮ್ಮ ತಲೆಮಾರಿನ ಹೆಂಗಸರು ಗ್ರಂಥಾಲಯದಲ್ಲಿ ಸರದಿ ಹಚ್ಚಿ ಓದಿದೆವು. ನಾವು ಎದೆಗಿಟ್ಟುಕೊಂಡದ್ದು ನಾಟ್ಯರಾಣಿ ಶಾಂತಲೆಯನ್ನು, ತ್ಯಾಗಮಯಿ ಶಾಂತಲೆಯನ್ನು, ಶಿವಗಂಗೆಯಲ್ಲಿ ಪ್ರಾಣಬಿಟ್ಟವಳನ್ನು. ಆದರೆ ಶಾಸನಗಳು ಆಕೆಗೆ ಕೊಟ್ಟ ಬಿರುದೊಂದಿದೆ: 'ಉದ್ವೃತ್ತ ಸವತಿ ಗಂಧವಾರಣೆ'. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂದು ಅರ್ಥ. 1123ರಲ್ಲಿ ಆಕೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರೇ ಸವತಿಗಂಧವಾರಣ ಬಸದಿ. ನನಗೆ ಈ ಬಿರುದು ಕಂಡರೆ ಬಹಳ ಪ್ರೀತಿ. ಆಕೆಗೂ ಸಿಟ್ಟಿತ್ತು, ನೋವಿತ್ತು, ಅದನ್ನು ಮುಚ್ಚಿಡಲಿಲ್ಲ, ಕಲ್ಲಿನ ಮೇಲೆ ನಿಂತಿತು. ಗಂಡನ ಹಲವು ಮದುವೆಗಳನ್ನು ಯಾರೂ ದ್ರೋಹ ಎನ್ನದ ಕಾಲದಲ್ಲಿ ಅಷ್ಟಾದರೂ ಹೇಳಿಕೊಂಡಳಲ್ಲ!

ಕಾಲ ಬದಲಾದರೂ ತಕ್ಕಡಿ ಬದಲಾಗಲಿಲ್ಲ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯನ್ನು ನೆನೆಸಿಕೊಳ್ಳಿ. 1971ರಲ್ಲಿ ಸಿನಿಮಾ ಆಗಿ ನಮ್ಮ ತಾಯಂದಿರು ಅತ್ತುಕೊಂಡು ಮನೆಗೆ ಬಂದದ್ದು. ಮದುವೆಗೆ ಮೊದಲಿನ ಅವಳ ಗುಟ್ಟು ಅವಳನ್ನು ಮುರಿಯಿತು. ಮದುವೆಯಾದ ಮೇಲಿನ ಗಂಡನ ನಡತೆ ಅವನನ್ನು ಮುರಿಯಲಿಲ್ಲ.

ನಮ್ಮ ರಾಯಚೂರು ಜಿಲ್ಲೆಯ ನೆಲದಲ್ಲೇ ಇಂಥದೊಂದು ಕಥೆ ಇದೆ. ಮುದಗಲ್ಲಿನ ಅಕ್ಕಸಾಲಿಗನ ಮಗಳದು. ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ ಬರೆದಿಟ್ಟದ್ದು. ಅವಳ ಚೆಲುವನ್ನು ಕೇಳಿ ವಿಜಯನಗರದ ಒಂದನೇ ದೇವರಾಯ ಒಡವೆ ಕಳಿಸಿದ. ತಂದೆತಾಯಿ ಒಪ್ಪಿದರೂ ಹುಡುಗಿ ಒಪ್ಪಲಿಲ್ಲ. ಅಂತಃಪುರಕ್ಕೆ ಹೋದವರು ಮತ್ತೆ ಹೆತ್ತವರ ಮುಖ ಕಾಣುವುದಿಲ್ಲ ಎಂದಳು. ರಾಜ ದಂಡು ಕಳಿಸಿದ. ಅದೇ ನೆಪವಾಗಿ 1406ರಲ್ಲಿ ಫಿರೋಜ್ ಷಾ ಬಹಮನಿ ಯುದ್ಧಕ್ಕೆ ಬಂದ, ದೇವರಾಯ ಸೋತ, ಬಂಕಾಪುರ ಕೊಟ್ಟ, ತನ್ನ ಮಗಳನ್ನೂ ಸುಲ್ತಾನನಿಗೆ ಮದುವೆ ಮಾಡಿಕೊಟ್ಟ. ಅಕ್ಕಸಾಲಿಗನ ಮಗಳನ್ನು ಸುಲ್ತಾನನ ಮಗ ಹಸನ್ ಖಾನನಿಗೆ ಕೊಟ್ಟರು. ಫೆರಿಷ್ತಾ ಇದನ್ನು ಬರೆದದ್ದು ಇನ್ನೂರು ವರ್ಷದ ನಂತರ. ಎಷ್ಟು ಇತಿಹಾಸ, ಎಷ್ಟು ಕಟ್ಟುಕಥೆ ಎಂದು ಪಂಡಿತರು ವಾದಿಸಲಿ. ನಾನು ಯೋಚಿಸುವುದು ಆ ಎರಡನೇ ಹುಡುಗಿಯನ್ನು, ರಾಜನ ಮಗಳನ್ನು. ಅಪ್ಪ ಬೇರೊಬ್ಬ ಹುಡುಗಿಗೆ ಆಸೆಪಟ್ಟದ್ದರ ಬೆಲೆಯನ್ನು ಅವಳು ತೆತ್ತಳು. ಅವಳ ಮನಸ್ಸನ್ನು ಕೇಳಿದವರಿದ್ದರೆ ಆ ಮಾತು ನಮ್ಮವರೆಗೆ ಬಂದಿಲ್ಲ.

ದೇವದುರ್ಗದಿಂದ ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರ. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆ. 1841ರಲ್ಲಿ ರಾಜ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಕೂಸು. ರಾಣಿ ಈಶ್ವರಮ್ಮ ಅಧಿಕಾರ ಹಿಡಿಯಲು ನೋಡಿದಳು. ಇಂಗ್ಲಿಷರು ಮೆಡೋಸ್ ಟೇಲರನನ್ನು ಕಳಿಸಿದರು. ಅವನು ಕಾದಂಬರಿಕಾರನೂ ಹೌದು, ಚಾಂದಬೀಬಿಯ ಮೇಲೆ ಕಾದಂಬರಿ ಬರೆದವನು. ಅವನ ಆತ್ಮಕಥೆ ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾಯಿತು. ಅದರಲ್ಲಿ ರಾಣಿಯ ಖಾಸಗಿ ನಡತೆಯ ಬಗ್ಗೆ ಬಹಳ ಹಗುರವಾದ ಮಾತುಗಳಿವೆ. ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇದೆ. ಕಾಯಿಲೆ ಬಿದ್ದು ಇನ್ನು ಉಳಿಯುವುದಿಲ್ಲ ಎನಿಸಿದಾಗ ರಾಣಿ ಅವನನ್ನೇ ಕರೆಸಿ, ಬೆರಳೆಣಿಕೆಯ ಜನಕ್ಕೆ ಮಾತ್ರ ಗೊತ್ತಿದ್ದ ಗುಟ್ಟೊಂದನ್ನು ಒಪ್ಪಿಸಿದಳು. ಮಗನ ಜಾತಕದ ಪ್ರಕಾರ ಅವನು ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂಬುದು ಆ ಗುಟ್ಟು. ಟೇಲರ್ ಅದನ್ನು ಇಟ್ಟುಕೊಂಡ. 1858ರಲ್ಲಿ ದಂಗೆಯೆದ್ದ ಆ ಹುಡುಗ ಸೆರೆಯಾಗಿ, ಶಿಕ್ಷೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ತೀರಿಕೊಂಡ.

ಜಾತಕ ನಿಜವೋ ಸುಳ್ಳೋ ನನಗೆ ಬೇಕಿಲ್ಲ. ನಾನು ನೋಡುವುದು ಆ ರಾತ್ರಿಯ ಕೋಣೆಯನ್ನು. ತನ್ನ ಕೈಯಿಂದ ಅಧಿಕಾರ ಕಿತ್ತುಕೊಂಡ ಪರದೇಶಿಯ ಮುಂದೆ ಒಬ್ಬ ತಾಯಿ ತನ್ನ ಎದೆಯ ಗಂಟು ಬಿಚ್ಚುತ್ತಾಳೆ. ಹುಟ್ಟಿದಂದಿನಿಂದ ಮಗ ನಗುವಾಗಲೆಲ್ಲ ಉಳಿದ ವರ್ಷ ಎಣಿಸಿದವಳು. ಅವಳ ಪರಪುರುಷರ ಬಗ್ಗೆ ಬರೆದವನೇ ಅವಳ ಈ ಗುಟ್ಟನ್ನೂ ಬರೆದ. ಒಂದು ಅವನು ಕೇಳಿದ ಮಾತು, ಇನ್ನೊಂದು ಅವಳೇ ನಂಬಿ ಕೊಟ್ಟ ಮಾತು. ಎರಡಕ್ಕೂ ಅದೇ ಮಸಿ. ಈಶ್ವರಮ್ಮ ಹೇಗಿದ್ದಳು ಎಂಬುದಕ್ಕೆ ನಮ್ಮ ಹತ್ತಿರ ಇರುವುದು ಅವನ ಕಣ್ಣು ಮಾತ್ರ. ಅವಳು ಒಂದು ದಿನಚರಿ ಬರೆದಿದ್ದರೆ ಟೇಲರ್ ಅದರಲ್ಲಿ ಹೇಗೆ ಕಾಣುತ್ತಿದ್ದನೋ!

ಇಷ್ಟೆಲ್ಲ ಓದಿ, ಇಷ್ಟು ವರ್ಷ ಕಳೆದು ನನಗೆ ತಿಳಿದದ್ದು ಏನು? ಎಲ್ಲ ಗುಟ್ಟೂ ದ್ರೋಹವಲ್ಲ. ಹೆಂಗಸರಿಗೆ ಗುಟ್ಟು ಎಷ್ಟೋ ಸಲ ಬದುಕುವ ದಾರಿ. ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಹತ್ತು ರೂಪಾಯಿ, ಯಾರಿಗೂ ತೋರಿಸದ ಒಂದು ಪತ್ರ, ಅತ್ತ ಮೇಲೆ ತೊಳೆದುಕೊಂಡ ಮುಖ. ಅವು ಅವರವರ ಸ್ವತ್ತು. ಈಶ್ವರಮ್ಮನ ಎದೆಯ ಭಾರ ಅವಳದು. ಯಾರ ಗುಟ್ಟಿನಿಂದ ಇನ್ನೊಬ್ಬರ ನಿರ್ಧಾರ ಕದ್ದಂತಾಗುವುದಿಲ್ಲವೋ ಅದನ್ನು ಕೆದಕುವುದು ನಮ್ಮ ಕೆಲಸವಲ್ಲ.

ಆದರೆ ಒಬ್ಬರು ತಮ್ಮ ಬಂಗಾರ ಬಿಚ್ಚಿ ಕೊಡುತ್ತಿದ್ದಾರೆ, ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ, ಮಕ್ಕಳ ಭವಿಷ್ಯ ಒತ್ತೆ ಇಡುತ್ತಿದ್ದಾರೆ, ಅವರು ನಂಬಿದ ನೆಲವೇ ಇಲ್ಲ ಎಂಬುದು ನನಗೆ ಗೊತ್ತಿದೆ ಎಂದಾಗ ನನ್ನ ಮೌನ ಮೌನವಲ್ಲ. ಅದು ಮೋಸದಲ್ಲಿ ನನ್ನ ಪಾಲು. ಅಕ್ಕನ ಸಂಸಾರ ಉಳಿಸುತ್ತೇನೆ ಎಂದುಕೊಂಡಿದ್ದೆನಲ್ಲ, ಅದು ಉಳಿಸಬೇಕೋ ಬೇಡವೋ ಎಂಬುದು ಅಕ್ಕನ ಪ್ರಶ್ನೆ, ನನ್ನದಲ್ಲ. ಅವಳ ಪರವಾಗಿ ನಾನು ಉತ್ತರ ಬರೆದುಬಿಟ್ಟೆ. ಪರೀಕ್ಷೆಯಲ್ಲಿ ಮಕ್ಕಳು ಹೀಗೆ ಮಾಡಿದರೆ ನಾನು ಕಾಗದ ಕಿತ್ತುಕೊಳ್ಳುತ್ತೇನೆ.

ಹೇಳಿದ್ದರೆ ಏನಾಗುತ್ತಿತ್ತು? ಆ ಹುಡುಗಿಯ ಶಾಲೆ ಬಿಟ್ಟುಹೋಗುತ್ತಿತ್ತೇನೋ. ಮಾನ್ವಿಯ ಆ ಹೆಂಗಸಿಗೂ ಯಾವ ಸುಳ್ಳು ಹೇಳಿ ಮಾಮಾ ಮನೆ ಮಾಡಿದ್ದನೋ ನಾನು ಕೇಳಲೇ ಇಲ್ಲ. ಆರು ವರ್ಷ ಒಂದೇ ಊರಿನಲ್ಲಿದ್ದು ಅವಳ ಜೊತೆ ಒಂದು ಮಾತಾಡಲಿಲ್ಲ. ಅವಳನ್ನು 'ಆ ಹೆಂಗಸು' ಎಂದು ಈಗಲೂ ಬರೆಯುತ್ತಿದ್ದೇನೆ, ನೋಡಿ. ವೀರಮ್ಮಾಜಿಗೆ ನ್ಯಾಯ ಕೇಳುವ ನನ್ನ ಲೇಖನಿ ಅವಳಿಗೆ ಒಂದು ಒಳ್ಳೆಯ ಶಬ್ದ ಕೊಡಲು ಹಿಂಜರಿಯುತ್ತದೆ. ಎಲ್ಲರಿಗೂ ಒಳ್ಳೆಯದಾಗುವ ದಾರಿ ಅಲ್ಲಿರಲಿಲ್ಲ. ಅಕ್ಕನಿಗೆ ಮೆಲ್ಲಗೆ, ಒಬ್ಬಳೇ ಇದ್ದಾಗ, ಹೇಳುವ ದಾರಿ ಮಾತ್ರ ಇತ್ತು. ನಾನು ಹಿಡಿಯಲಿಲ್ಲ.

ಗಣಿತದ ಹುಡುಗಿಗೆ ಈಗ ಉತ್ತರ ಹೇಳಬಲ್ಲೆ. ವೀರಮ್ಮಾಜಿ ಹಾಗೆ ಮಾಡಿದಳೋ ಇಲ್ಲವೋ ಅವಳ ಬಾಯಿಂದ ಕೇಳಿದವರಿಲ್ಲ ತಾಯಿ. ಕಾದಂಬರಿ ಓದು, ಅಳು, ಸಿಟ್ಟಾಗು. ಆದರೆ ಓದುವಾಗ ಕಂಬದ ಮರೆಯಲ್ಲಿ ನಿಂತ ದಾಸಿಯನ್ನೂ ನೋಡು. ಅವಳಿಗೆ ಎಲ್ಲ ಗೊತ್ತಿರುತ್ತದೆ. ನಾವು ಬಹಳ ಜನ ಹೆಂಗಸರು ಬದುಕಿನಲ್ಲಿ ರಾಣಿಯಾಗುವುದಿಲ್ಲ. ಒಂದಲ್ಲ ಒಂದು ದಿನ ಆ ಕಂಬದ ಮರೆಗೆ ಬಂದು ನಿಲ್ಲುತ್ತೇವೆ.

ಅಕ್ಕ 2005ರಲ್ಲಿ ನನ್ನ ಮಗಳ ನಾಮಕರಣಕ್ಕೆ ಕರೆಯದೆಯೇ ರಾಯಚೂರಿಗೆ ಬಂದಳು. ಬಸ್ಸಿನಿಂದ ಇಳಿದವಳೇ ಒಳಗೆ ಬಂದು ಕೂಸನ್ನು ಎತ್ತಿಕೊಂಡಳು. ಅಂದಿನಿಂದ ಮಾತಿದೆ. ಆ ವಿಷಯ ಮಾತ್ರ ನಾವು ಎತ್ತಿರಲಿಲ್ಲ. ಇದನ್ನು ಬರೆಯುವ ಮೊದಲು ಎತ್ತಲೇಬೇಕಾಯಿತು. ಇನ್ನೊಮ್ಮೆ ಅವಳ ಪರವಾಗಿ ನಾನೇ ನಿರ್ಧಾರ ಮಾಡಬಾರದಲ್ಲ? ದೇವದುರ್ಗಕ್ಕೆ ಹೋಗಿ, ಬರೆದದ್ದನ್ನು ಪೂರ್ತಿ ಓದಿ ತೋರಿಸಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿದಳು. ಮುಗಿದ ಮೇಲೂ ಬಹಳ ಹೊತ್ತು ಸುಲಿಯುತ್ತಲೇ ಇದ್ದಳು.

"ಹಾಕು" ಎಂದಳು ಕೊನೆಗೆ. "ಆದ್ರ ಆ ಹುಡುಗಿ ಹೆಸರು ಹಾಕಬ್ಯಾಡ. ಅಕಿಗೂ ಈಗ ಮದುವಿ ಆಗಿ ಮಕ್ಕಳದಾವಂತ."

ಅದು ಅವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.